ತೀತಾ ಹೊಲಿದ ಮೂವತ್ತು ‘ಎಂ’ ರವಿಕೆ

ಸೊರೆಯಾಂಗಿನಲ್ಲಿ ನನ್ನ ಹೊಲಿಗೆ ಅಂಗಡಿಯ ಎದುರುಮನೆ ಹುಡುಗಿ ತೀತಾ ರೊಸ್ತೀತಾ. ಉಡುಪಿನ ವಿನ್ಯಾಸ, ಉಡುಪಿನ ವ್ಯಾಪಾರ ಎರಡನ್ನೂ ಕಲಿಸುವ ಬಾಂಡುಂಗಿನ ಕಾಲೇಜಿಗೆ ಅವಳು ಸೇರಿದ ದಿನ, ಮಾಂಸದುಂಡೆ ಸಾರಿನ ಗಾಡಿ ತಳ್ಳುವ ಅವಳಪ್ಪ ಎಂಕೊಸ್ ಮುಖ ಸಣ್ಣದು ಮಾಡಿಕೊಂಡು ನನ್ನ ಹತ್ತಿರ ಬಂದ. ಕೇರಿಗೆಲ್ಲ ನಾನು ‘ಅಬಾ’, ಅಂದರೆ ಹಿರಿಯಪ್ಪ.

“ಅಬಾ, ನೀವು ಆರು ತಿಂಗಳಲ್ಲಿ ಕಲ್ತಿದ್ದನ್ನ ಇವಳು ಮೂರು ವರ್ಷ ಕಲೀಬೇಕಂತೆ. ಅಷ್ಟು ಮಂಕಾ ನನ್ನ ಮಗಳು?”

ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವನು ನಾನು. ಆದರೂ ಅವಳ ಪುಸ್ತಕಗಳನ್ನು ತಿರುವಿ ಹಾಕಿದೆ. ನಲವತ್ತು ವರ್ಷ ಕತ್ತರಿ ಹಿಡಿದ ನನಗೂ ಅದರ ಅರ್ಧ ತಲೆಗೆ ಹತ್ತಲಿಲ್ಲ. ಇದನ್ನು ಎಂಕೊಸನಿಗೆ ಹೇಳಲು ಹೋಗಲಿಲ್ಲ.

ತೀತಾಳ ಗೆಳತಿಯರಿಗೆಲ್ಲ ಹೊಸ ಉಡುಪಿನ ಚಿತ್ರ ಬರೆದು ಹೆಸರು ಮಾಡುವ ಆಸೆ. ಇವಳಿಗೆ ಮಾತ್ರ ಮಜಾಲಾಯಾದ ಸಿದ್ಧ ಉಡುಪಿನ ಕಾರ್ಖಾನೆಯ ಮೇಲೆ ಕಣ್ಣು. ಯಾವ ಊರಿನ ಅಂಗಡಿಗೆ ಯಾವ ಅಳತೆಯದು ಎಷ್ಟು ಹೋಗಬೇಕು ಎಂದು ತೀರ್ಮಾನಿಸುವ ಕೆಲಸ ಅಲ್ಲಿತ್ತು. ಅದಕ್ಕೆ ಕಾಲೇಜಿನ ಕೊನೆಯ ಪರೀಕ್ಷೆ ದಾಟಬೇಕು: ಮೂವತ್ತು ಉಡುಪು ಸ್ವತಃ ಹೊಲಿದು ಮಾರಬೇಕು, ತಿಂಗಳೊಳಗೆ ಎರಡಕ್ಕಿಂತ ಹೆಚ್ಚು ವಾಪಸು ಬರಬಾರದು. ಬಂದರೆ ಇನ್ನೊಂದು ವರ್ಷ ಓದು. ಇನ್ನೊಂದು ವರ್ಷ ಓದಿಸಲು ತನ್ನಿಂದಾಗದು, ಗಾಡಿಯ ಬಟ್ಟಲು ತೊಳೆಯಲು ಬಾ ಎಂದು ಎಂಕೊಸ್ ಮೊದಲೇ ಹೇಳಿಬಿಟ್ಟಿದ್ದ.

ಅವಳ ಮೂರನೇ ವರ್ಷದ ಕೊನೆಗೆ ಕೇರಿಯಲ್ಲೊಂದು ಮದುವೆ ಕೂಡಿಬಂತು. ಮದುವೆಗೆ ಹೆಂಗಸರೆಲ್ಲ ಒಂದೇ ಬಣ್ಣದ ಕೆಬಾಯಾ ರವಿಕೆ ತೊಡಬೇಕು. ಮೂವತ್ತೂ ಇವಳ ಪಾಲಿಗೇ ಬಂದವು. ಟೇಪು ಹಿಡಿದು ಹೋದರೆ, ಕೇರಿಯಲ್ಲಿ ‘ಬಿ’ ಎಂದು ಕರೆಯುವ ಚಿಕ್ಕಮ್ಮಂದಿರೆಲ್ಲ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಂಡರು. ಕೇರಿಯಲ್ಲೇ ದಪ್ಪಗಿರುವ ಬಿ ಎಂತಿನ್ ಟೇಪನ್ನು ಮುಟ್ಟಗೊಡಲೇ ಇಲ್ಲ. “ಮದುವೆಯಾದಾಗ ಎಷ್ಟಿದ್ದೆನೋ ಅಷ್ಟೇ ಬರ್ಕೋ ಮಗಳೇ” ಎಂದಳು.

ಅವರು ಹೇಳಿದ್ದನ್ನು ಪುಸ್ತಕಕ್ಕೆ ಬರೆದುಕೋ, ಬಟ್ಟೆಯನ್ನು ಕಣ್ಣಳತೆಯಲ್ಲಿ ಕತ್ತರಿಸು ಎಂದು ನಾನು ಹೇಳಿಕೊಟ್ಟೆ. ಹುಡುಗಿ ನನಗಿಂತ ಒಂದು ಹೆಜ್ಜೆ ಮುಂದೆ ಹೋದಳು. ಮೂವತ್ತಕ್ಕೂ ಕತ್ತಿನ ಒಳಗೆ ‘ಎಂ’, ಅಂದರೆ ಮಧ್ಯಮ ಅಳತೆ, ಎಂಬ ಒಂದೇ ಚೀಟಿ ಹೊಲಿದಳು. ಮದುವೆಯಲ್ಲಿ ಎಲ್ಲರಿಗೂ ರವಿಕೆ ಹೇಳಿ ಮಾಡಿಸಿದ ಹಾಗೆ ಕೂತಿತು. ಬಿ ಎಂತಿನ್ ಮೂರು ಸಲ ಬಡಿಸಿಕೊಂಡು ಉಂಡು, ತನ್ನದು ಇವತ್ತಿಗೂ ‘ಎಂ’ ಎಂದು ಪಂಕ್ತಿಗೆಲ್ಲ ಸಾರಿದಳು.

ಎಡವಟ್ಟಾದದ್ದು ಅಲ್ಲೇ. ತಿಂಗಳು ಮುಗಿಯಲು ಒಂದು ದಿನ ಇರುವಾಗ ಬಿ ಯಾಯಾಹ್ ರವಿಕೆ ಹಿಡಿದು ಬಂದಳು. ಕೇರಿಯಲ್ಲಿ ನಿಜವಾಗಿ ‘ಎಂ’ ಅಳತೆಯವಳೆಂದರೆ ಅವಳೊಬ್ಬಳೇ.

“ಬಿಗಿಯಾಯ್ತಾ ಬಿ?” ಎಂದಳು ತೀತಾ.

“ಸರಿಯಾಗೇ ಇದೆ. ಆದ್ರೆ ಎಂತಿನ್‌ದು ‘ಎಂ’, ನನ್ನದೂ ‘ಎಂ’ ಅಂದ್ರೆ ಏನರ್ಥ? ನನಗೆ ‘ಎಸ್’ ಹಾಕ್ಕೊಡು.”

ತೀತಾ ಚೀಟಿ ಬದಲಿಸಿ, ವಾಪಸು ಒಂದು ಎಂದು ಬರೆದುಕೊಂಡಳು. ಗಂಟೆಯೊಳಗೆ ಬಿ ಕೊಕೊಮ್ ಬಂದಳು. ಯಾಯಾಹ್ ‘ಎಸ್’ ಆದರೆ ತಾನೂ ‘ಎಸ್’ ಎಂಬುದು ಅವಳ ವಾದ. ಎರಡಾಯಿತು. ಬಿ ಎಂತಿನ್ ಕೂಡ ಹೊರಡಲು ಚಪ್ಪಲಿ ಹುಡುಕುತ್ತಿದ್ದಾಳೆಂದು ಕೊಕೊಮಳೇ ಸುದ್ದಿ ಹೇಳಿದಳು.

ತೀತಾ ನನ್ನ ಮೇಜಿನ ಮೇಲಿದ್ದ ಸಣ್ಣ ಕತ್ತರಿ ಎತ್ತಿಕೊಂಡು ಓಡಿದಳು. ನಾನೂ ಹಿಂದೆಯೇ ಕುಂಟುತ್ತ ಹೋದೆ. ಅಷ್ಟರಲ್ಲಿ ತೀತಾ ಬಿ ಎಂತಿನಳನ್ನು ಮನೆಯ ಹೊಸ್ತಿಲಲ್ಲೇ ತಡೆದು ನಿಲ್ಲಿಸಿದ್ದಳು.

“ಬಿ, ಜಕಾರ್ತಾದ ದೊಡ್ಡ ಮನೆಯವರು ಕತ್ತಿನ ಹತ್ರ ಅಕ್ಷರಾನೇ ಇಟ್ಕೊಳ್ಳಲ್ಲ. ನಿಮ್ಮ ಅಳತೆ ಊರಿಗೆಲ್ಲ ಯಾಕೆ ಗೊತ್ತಾಗ್ಬೇಕು?”

ಬಿ ಎಂತಿನ್ ಸ್ವಲ್ಪ ಯೋಚಿಸಿದಳು. “ಅದೂ ಹೌದು. ಕಿತ್ತುಹಾಕು. ಆಗಿಂದ ಚುಚ್ತಾನೂ ಇತ್ತು.”

ಕತ್ತಲಾಗುವಷ್ಟರಲ್ಲಿ ತೀತಾ ಮನೆಮನೆಗೂ ಹೋಗಿ ಮೂವತ್ತೂ ಚೀಟಿ ಕಿತ್ತಳು. ಇದನ್ನೂ ವಾಪಸು ಎಂದು ಬರೆಯಬೇಕೇ ಎಂದು ಕೇಳಿದಳು. ಅವರು ನಿನ್ನ ಬಳಿ ಬರಲಿಲ್ಲ, ನೀನೇ ಅವರ ಬಳಿ ಹೋದೆ, ಇದ್ದದ್ದನ್ನು ಇದ್ದ ಹಾಗೆ ಬರೆ ಎಂದೆ. ಹಾಗೇ ಬರೆದಳು. ಓದಿದ ಕಾಲೇಜಿನ ಮೇಡಂ ನಕ್ಕು ನಕ್ಕು ಕನ್ನಡಕ ಒರೆಸಿಕೊಂಡು, ವಾಪಸು ಎರಡೇ ಎಂದು ಒಪ್ಪಿದರಂತೆ. ಮಜಾಲಾಯಾದವರೂ ಅದೇ ಬರಹ ಓದಿ ಕೆಲಸ ಕೊಟ್ಟರು.

ಎಂಕೊಸನಿಗೆ ಮಾತ್ರ ಸಮಾಧಾನವಿಲ್ಲ.

“ಹೊಲಿಯೋದಿಲ್ಲ, ಚಿತ್ರ ಬರೆಯೋದಿಲ್ಲ. ಮತ್ತೆ ಅಲ್ಲೇನು ಮಾಡ್ತೀಯ?”

“ಯಾವ ಊರಿನ ಹೆಂಗಸರು ಎಷ್ಟು ದಪ್ಪ ಅಂತ, ಅವರಿಗೆ ಬೇಜಾರಾಗದ ಹಾಗೆ ಲೆಕ್ಕ ಹಾಕೋದು, ಅಪ್ಪಾ.”

ಎಂಕೊಸ್ ಸಾರಿನ ಸೌಟನ್ನು ಅರ್ಧದಲ್ಲೇ ನಿಲ್ಲಿಸಿದ. “ಅದಕ್ಕೆ ಸಂಬಳ ಬೇರೆ ಕೊಡ್ತಾರಾ?”