ಗೋಣಿಯಲ್ಲಿ ಬಂದ ಕಾಮಿಕ್ಸ್

ನಾನು ಕನ್ನಡ ಟೀಚರಾಗಿ ಸೇರಿದ ವರ್ಷ ಆರನೇ ತರಗತಿಯ ಹುಡುಗಿಯೊಬ್ಬಳು ಕೆಂಪು ಬೆಡ್‌ಶೀಟನ್ನು ಕುತ್ತಿಗೆಗೆ ಕಟ್ಟಿಕೊಂಡು ಶಾಲೆಯ ಪಾಗಾರದ ಗೋಡೆ ಮೇಲಿಂದ ಕೆಳಗೆ ಬಿದ್ದಳು. ಕೈ ಮುರಿಯಿತು. ಯಾಕೆ ಜಿಗಿದೆ ಎಂದು ಕೇಳಿದ್ದಕ್ಕೆ, “ಜಿಗಿದದ್ದಲ್ಲ ಟೀಚರ್, ಹಾರಿದ್ದು” ಎಂದಳು. ಅವಳ ಚೀಲದಲ್ಲಿ ಹಾರುವ ಮನುಷ್ಯನ ಕಾಮಿಕ್ಸ್ ಸಿಕ್ಕಿತು.

ಮರುದಿನ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಎಲ್ಲ ಹುಡುಗಿಯರ ಚೀಲ ಹುಡುಕಿಸಿದರು. ಅಣ್ಣಂದಿರು ಬೊಂಬಾಯಿಯಿಂದ ತಂದದ್ದು, ಬಂದರಿನ ಹಳೆ ಪೇಪರ್ ಅಂಗಡಿಯಿಂದ ಬಂದದ್ದು, ಎಲ್ಲ ಸೇರಿ ಒಂದು ಗೋಣಿ ತುಂಬ ಇಂಗ್ಲಿಷ್ ಕಾಮಿಕ್ಸ್ ಆಯಿತು. ಸಿಸ್ಟರ್ ಅದನ್ನು ನನ್ನ ಮುಂದೆ ಇಡಿಸಿದರು.

“ಇದನ್ನೆಲ್ಲ ಓದಿ ಹೇಳಿ. ಯಾವುದು ಪಾಪ, ಯಾವುದು ಬರೀ ದಡ್ಡತನ ಅಂತ ನನಗೆ ಗೊತ್ತಾಗಬೇಕು.”

“ನಾನು ಕನ್ನಡ ಟೀಚರ್, ಸಿಸ್ಟರ್.”

“ನಿಮಗೆ ಮದುವೆ ಆಗಿಲ್ಲ. ಸಮಯ ಉಂಟು.”

ಮನೆಗೆ ಹೋಗುವ ವಾಮಂಜೂರಿನ ಬಸ್ಸಿನಲ್ಲಿ ಕಂಡಕ್ಟರ್ ಗೋಣಿಯನ್ನು ನೋಡಿ, “ಎಂತ ಟೀಚರ್, ಕುಚ್ಚಲಕ್ಕಿಯಾ?” ಎಂದು ಕೇಳಿದ. ಪುಸ್ತಕ ಎಂದೆ. ಇಷ್ಟು ಓದಿದರೆ ಕಣ್ಣು ಹೋಗ್ತದೆ ಎಂದು ಅವನು ಬೇಸರಪಟ್ಟ.

ಮೊದಲು ಹಾರುವ ಮನುಷ್ಯನನ್ನೇ ಓದಿದೆ. ಅವನಿಗೊಂದು ಆಫೀಸು ಕೆಲಸವಿತ್ತು. ಊರಿಗೆ ಅಪಾಯ ಬಂದಾಗಲೆಲ್ಲ ಆಫೀಸಿನಿಂದ ಮಾಯವಾಗುತ್ತಿದ್ದ. ಎಲ್ಲಿ ಹೋಗಿದ್ದೆ ಎಂದು ಯಾರೂ ಕೇಳುತ್ತಿರಲಿಲ್ಲ. ನಮ್ಮ ಶಾಲೆಯಲ್ಲಿ ನೀರು ಕುಡಿಯಲು ಹೋದರೂ ಸಿಸ್ಟರಿಗೆ ಗೊತ್ತಾಗುತ್ತಿತ್ತು. ಇದು ನಂಬುವ ಮಾತಲ್ಲ ಎಂದುಕೊಂಡೆ. ಆದರೆ ಒಂದು ಚಿತ್ರದಲ್ಲಿ ಅವನ ಕಾಲ್ಬೆರಳು ಮಾತ್ರ ನೆಲಕ್ಕೆ ತಾಗಿತ್ತು, ಉಳಿದ ಮೈಯೆಲ್ಲ ಆಗಲೇ ಮೇಲಕ್ಕೆ ಹೊರಟಿತ್ತು. ಅದನ್ನು ನೋಡುತ್ತಾ ನೋಡುತ್ತಾ ನಾನೂ ಜಗಲಿಯಲ್ಲಿ ತುದಿಗಾಲಿನಲ್ಲಿ ನಿಂತಿದ್ದೆ. ಕೈ ಮುರಿದುಕೊಂಡವಳ ಮೇಲೆ ನನಗಿದ್ದ ಸಿಟ್ಟು ಅಲ್ಲಿಗೆ ಹೋಯಿತು.

ಕುದುರೆ ಸವಾರರ ಕಾಮಿಕ್ಸುಗಳಲ್ಲಿ ಮಳೆಯೇ ಇರಲಿಲ್ಲ. ಗಂಡಸರೆಲ್ಲ ಸಾರಾಯಿ ಅಂಗಡಿಯಲ್ಲಿ ಕೂತಿರುತ್ತಿದ್ದರು. ಆಗಾಗ ಹೊರಗೆ ಬಂದು ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದರು. ಬೇಸಾಯ ಮಾಡುವವರು ಯಾರು ಎಂಬುದು ಕೊನೆಯವರೆಗೂ ತಿಳಿಯಲಿಲ್ಲ. ನನ್ನ ಪಪ್ಪ ಅವನ್ನು ನನಗಿಂತ ಮೊದಲೇ ಮುಗಿಸಿ, ಕುದುರೆ ಒಳ್ಳೆಯದು, ಉಳಿದವರು ಪ್ರಯೋಜನ ಇಲ್ಲ ಎಂದು ತೀರ್ಮಾನ ಕೊಟ್ಟರು.

ಯುದ್ಧದವನ್ನು ಓದಲು ನನ್ನಿಂದ ಆಗಲಿಲ್ಲ. ಎಲ್ಲರಿಗೂ ಒಂದೇ ಮುಖ, ಒಂದೇ ಟೊಪ್ಪಿ. ಸತ್ತವನು ಯಾರೆಂದು ಹಿಂದಿನ ಪುಟಕ್ಕೆ ಹೋಗಿ ನೋಡಿಕೊಂಡು ಬರುವಷ್ಟರಲ್ಲಿ ಇನ್ನಿಬ್ಬರು ಸತ್ತಿರುತ್ತಿದ್ದರು.

ಪ್ರೇಮದ ಕಾಮಿಕ್ಸ್ ಇದೆ ಎಂದು ಗೊತ್ತಾದಾಗ, ಪಾಪವಿದ್ದರೆ ಇದರಲ್ಲೇ ಎಂದು ನಿರ್ಧರಿಸಿ ಬಹಳ ನಿಧಾನವಾಗಿ ಓದಿದೆ. ಟೈಪಿಸ್ಟ್ ಹುಡುಗಿಯೊಬ್ಬಳು ಪುಟಪುಟಕ್ಕೂ ಅಳುತ್ತಿದ್ದಳು. ಅಷ್ಟು ಅತ್ತರೂ ಅವಳ ಮೂಗು ಕೆಂಪಾಗುತ್ತಿರಲಿಲ್ಲ. ನಾನು ಅತ್ತರೆ ಮೊದಲು ಕೆಂಪಾಗುವುದೇ ಮೂಗು. ಆದ್ದರಿಂದ ಅವಳ ದುಃಖವನ್ನು ಅರ್ಧ ಮಾತ್ರ ನಂಬಿದೆ. ಉಳಿದರ್ಧಕ್ಕೆ ನನಗೂ ಸ್ವಲ್ಪ ಅಳು ಬಂತು.

ಅಮ್ಮನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅವಳು ಬಗ್ಗಿ ಚಿತ್ರ ನೋಡಿದಳು.

“ಇವಳು ಅಳುವುದು ಎಂತಕ್ಕೆ?”

“ಅವನು ಬೇರೆಯವಳ ಜೊತೆ ಊಟಕ್ಕೆ ಹೋದ.”

“ಇವಳ ತಾಯಿ ಎಲ್ಲಿ?”

ಹುಡುಕಿದೆ. ಯಾವ ಪ್ರೇಮದ ಕಾಮಿಕ್ಸಿನಲ್ಲೂ ತಾಯಿ ಇರಲಿಲ್ಲ.

“ಅದಕ್ಕೇ ಹೀಗೆ” ಎಂದು ಅಮ್ಮ ಒಳಗೆ ಹೋದಳು.

ಭೂತಪ್ರೇತದ್ದನ್ನು ಶನಿವಾರ ನಡುಮಧ್ಯಾಹ್ನ, ಅಂಗಳದಲ್ಲಿ ಕೋಳಿಗಳು ಓಡಾಡುತ್ತಿರುವಾಗ ಓದಿದೆ. ಸಮಾಧಿಯಿಂದ ಒಂದು ಕೈ ಮೇಲೆ ಬರುತ್ತಿತ್ತು. ಏನೂ ಹೆದರಿಕೆಯಾಗಲಿಲ್ಲ. ಆದರೆ ನವೆಂಬರಿನಲ್ಲಿ ಸತ್ತವರ ಹಬ್ಬಕ್ಕೆ ಮೇಣದಬತ್ತಿ ಹಚ್ಚಲು ಇಗರ್ಜಿಯ ಸ್ಮಶಾನಕ್ಕೆ ಹೋದಾಗ, ಅಜ್ಜನ ಸಮಾಧಿಯ ಮಣ್ಣು ಗಟ್ಟಿಯಾಗಿದೆಯೇ ಎಂದು ಕಾಲಿನಿಂದ ಒತ್ತಿ ನೋಡಿದೆ. ಗಟ್ಟಿಯಾಗಿತ್ತು. ಆಮೇಲೆಯೇ ಪ್ರಾರ್ಥನೆ ಶುರು ಮಾಡಿದೆ.

ಅದಾದ ಮೇಲಿನ ಭಾನುವಾರ ನನ್ನನ್ನು ನೋಡಲು ಬಜಪೆಯಿಂದ ಒಬ್ಬ ಗಂಡು ಬಂದ. ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತ. ಜೊತೆಗೆ ಅವನ ತಾಯಿ ಮತ್ತು ಭಾವ. ಅಮ್ಮ ಗಡಿಬಿಡಿಯಲ್ಲಿ ಜಗಲಿಯಲ್ಲಿದ್ದ ಕಾಮಿಕ್ಸನ್ನೆಲ್ಲ ಕುರ್ಚಿಯ ದಿಂಬಿನಡಿ ತುರುಕಿದ್ದಳು. ಅವನು ಬಂದು ಅದರ ಮೇಲೆಯೇ ಕೂತ. ಪರಪರ ಸದ್ದಾಯಿತು. ಕೈ ಹಾಕಿ ಒಂದನ್ನು ಎಳೆದ. ಅದು ಪತ್ತೇದಾರಿ ಕಥೆ.

“ಇದು ಯಾರದ್ದು?”

“ಶಾಲೆಯದ್ದು,” ಎಂದೆ.

“ಶಾಲೆಯಲ್ಲಿ ಇದನ್ನು ಕಲಿಸ್ತಾರಾ?”

“ಇಲ್ಲ. ಮಕ್ಕಳಿಂದ ಹಿಡಿದದ್ದು.”

ಹಿರಿಯರು ಸಂಬಂಧಿಕರಲ್ಲಿ ಯಾರು ಯಾರು ಸತ್ತರು ಎಂದು ಮಾತಾಡುತ್ತಿದ್ದರು. ಅವನು ತಲೆ ತಗ್ಗಿಸಿ ಓದತೊಡಗಿದ. ಚಹಾ ಆರಿತು. ಕೊನೆಗೆ ಗಾಬರಿಯಿಂದ ತಲೆ ಎತ್ತಿದ.

“ಕೊನೆಯ ಪುಟ ಎಲ್ಲಿ?”

“ಇಲ್ಲ. ಬರುವಾಗಲೇ ಹರಿದಿತ್ತು.”

“ಹಾಗಾದರೆ ಕೊಂದದ್ದು ಯಾರು?”

“ಅಡುಗೆಯವ ಅಂತ ಕಾಣ್ತದೆ.”

“ಅಡುಗೆಯವನಿಗೆ ಎಂತ ಲಾಭ? ಡಾಕ್ಟರ್ ಇರಬೇಕು.”

“ಡಾಕ್ಟರ್ ಆಗ ಊರಲ್ಲೇ ಇರಲಿಲ್ಲ. ಸರಿಯಾಗಿ ಓದಿ.”

ಅಮ್ಮ ನನ್ನ ಕಾಲು ತುಳಿದಳು. ಅವನು ನಿಜವಾಗಿಯೂ ಪುಟ ತಿರುಗಿಸಿ ಸರಿಯಾಗಿ ಓದಿದ. “ಹೌದು, ಊರಲ್ಲಿರಲಿಲ್ಲ. ಆದರೂ ಡಾಕ್ಟರೇ” ಎಂದ. ಹೊರಡುವಾಗ, ಇನ್ನೊಮ್ಮೆ ನೋಡಿ ತಂದುಕೊಡುತ್ತೇನೆಂದು ಪುಸ್ತಕವನ್ನು ಕೇಳಿ ತೆಗೆದುಕೊಂಡ. ಮುಂದಿನ ಭಾನುವಾರ ಒಬ್ಬನೇ ತಂದುಕೊಟ್ಟು, ಇನ್ನೊಂದನ್ನು ಒಯ್ದ. ಹೀಗೆ ಕೆಲವು ಭಾನುವಾರಗಳು ಕಳೆದ ಮೇಲೆ ಪಪ್ಪ, “ಗೋಣಿ ಖಾಲಿಯಾಗುವ ಮೊದಲು ಮದುವೆ ನಿಶ್ಚಯ ಮಾಡುವುದು ಒಳ್ಳೆಯದು” ಎಂದರು. ನಿಶ್ಚಯವಾಯಿತು.

ಪರೀಕ್ಷೆ ಮುಗಿಯುವ ಹೊತ್ತಿಗೆ ಸಿಸ್ಟರ್ ನನ್ನನ್ನು ಕರೆಸಿದರು.

“ಪಾಪ ಎಂತದ್ದೂ ಇಲ್ಲ ಸಿಸ್ಟರ್. ದಡ್ಡತನ ಬೇಕಾದಷ್ಟು ಉಂಟು.”

“ಪ್ರೀತಿಯದ್ದು?”

“ಅದರಲ್ಲಿ ಹುಡುಗಿಯರು ಅಳ್ತಾರೆ. ಮೊದಲಿಂದ ಕೊನೆಯವರೆಗೆ.”

“ಹಾಗಾದರೆ ಓದಲಿ. ಎಚ್ಚರ ಬರ್ತದೆ.”

ಶಾಲೆಯ ಕೊನೆಯ ದಿನ ಎಲ್ಲರಿಗೂ ಅವರವರ ಪುಸ್ತಕ ಕೊಟ್ಟೆವು. ಕೊನೆಯ ಪುಟವಿಲ್ಲದ ಪತ್ತೇದಾರಿಯನ್ನು ಮಾತ್ರ ಯಾರೂ ತಮ್ಮದೆನ್ನಲಿಲ್ಲ, ಅದು ನನ್ನಲ್ಲೇ ಉಳಿಯಿತು. ಕೈ ಮುರಿದುಕೊಂಡಿದ್ದ ಹುಡುಗಿ ತನ್ನದನ್ನು ಅಲ್ಲೇ ಬಿಚ್ಚಿ ನೋಡಿ, “ಟೀಚರ್, ಅವನು ಬಲಗೈ ಮುಂದೆ ಇಡುವುದು. ನಾನು ಎಡಗೈ ಇಟ್ಟಿದ್ದೆ” ಎಂದಳು. ಅವಳ ತಾಯಿಗೆ ಹೇಳಿ ಬೆಡ್‌ಶೀಟುಗಳನ್ನೆಲ್ಲ ಪೆಟ್ಟಿಗೆಯಲ್ಲಿಡಿಸಿ ಬೀಗ ಹಾಕಿಸಿದೆ.

ಮದುವೆಯ ನಂತರ ನಾವು ಕೂಳೂರಿನಲ್ಲಿ, ಪೇಟೆಯಿಂದ ಬರುವಾಗ ಸೇತುವೆಗಿಂತ ಸ್ವಲ್ಪ ಈಚೆ ಮನೆ ಮಾಡಿದೆವು. ಇಬ್ಬರೇ ಮೊದಲ ಸಲ ಪೇಟೆಗೆ ಹೋದದ್ದು ಬಂದರಿನ ಹಳೆ ಪೇಪರ್ ಅಂಗಡಿಗೆ. ಅಂಗಡಿಯ ಬ್ಯಾರಿ ಸಾಹೇಬರು ತಕ್ಕಡಿಯ ಹಿಂದಿನಿಂದ, “ಎಂತ ಬೇಕಿತ್ತು?” ಎಂದು ಕೇಳಿದರು.

ನನ್ನ ಗಂಡ ಪತ್ತೇದಾರಿ ಪುಸ್ತಕವನ್ನು ತೋರಿಸಿ, “ಇದರ ಕೊನೆಯ ಪುಟ” ಎಂದರು.

ಸಾಹೇಬರು ನಗಲಿಲ್ಲ. “ಕೊನೆಯ ಪುಟ ಸಿಗುವುದು ಕಷ್ಟ ಮಾರಾಯ್ರೆ. ಕಡ್ಲೆ ಕಟ್ಟಲಿಕ್ಕೆ ಮೊದಲು ಹರಿಯುವುದೇ ಅದನ್ನು. ಬೇರೆ ತೆಗೊಳ್ಳಿ, ಪೂರ್ತಿ ಇರುವುದು ಉಂಟು.”

ಗಂಡ ಯುದ್ಧದ್ದೊಂದು ಆರಿಸಿದರು. ನಾನು ಪ್ರೇಮದ್ದೊಂದು ತೆಗೆದುಕೊಂಡೆ. ಬಸ್ಸಿನಲ್ಲಿ ಅವರು ನನ್ನ ಪುಸ್ತಕದೊಳಗೆ ಇಣುಕಿ, “ಇದು ಅಳುವ ಪುಸ್ತಕವಾ?” ಎಂದು ಕೇಳಿದರು. ಹೌದು ಎಂದೆ. ಅವರ ಪುಸ್ತಕದಲ್ಲಿ ಎಷ್ಟು ಜನ ಸತ್ತರು ಎಂದು ಕೇಳಿದೆ. ಈಗಷ್ಟೇ ಶುರುವಾಗಿದೆ ಎಂದರು. ಆಮೇಲೆ ಇಬ್ಬರೂ ಓದತೊಡಗಿದೆವು. ತಲೆ ಎತ್ತುವಾಗ ನಮ್ಮ ಸ್ಟಾಪ್ ಹಿಂದೆ ಬಿಟ್ಟು ಬಸ್ಸು ಸೇತುವೆ ದಾಟಿ ಆಗಿತ್ತು. ಮುಂದಿನ ಸ್ಟಾಪಿನಲ್ಲಿ ಇಳಿದು, ಹೊಳೆಯ ಗಾಳಿಗೆ ಪುಟ ಹಾರದ ಹಾಗೆ ಪುಸ್ತಕಗಳನ್ನು ಕಂಕುಳಲ್ಲಿ ಒತ್ತಿ ಹಿಡಿದು, ಸೇತುವೆಯ ಮೇಲೆ ನಡೆದೇ ಮನೆಗೆ ಬಂದೆವು.