ಹುಳ್ಳಿ ರಾಶಿ ಮ್ಯಾಲ ನನ್ನ ದೊಡ್ಡ ಬೈಕು

ದೋಸ್ತರ, ಬೈಕಿನ ಪವರ್ ಹೆಚ್ಚ ಮಾಡಿಸಿದ್ದಕ್ಕ ಇವತ್ತ ಸಿಕ್ಕ ಸರ್ಟಿಫಿಕೇಟ್ ಕೇಳ್ರಿ.

ಗೋಕಾಕದಾಗ ಹೊಸಾ ಸೈಲೆನ್ಸರ್, ಏರ್ ಫಿಲ್ಟರ್ ಹಾಕ್ಸಿ, ಎಂಜಿನ್ ಟ್ಯೂನಿಂಗ್ ಮಾಡಿಸಿದೆ. "ಹತ್ತು ಹಾರ್ಸ್‌ಪವರ್ ಹೆಚ್ಚಾಗೇತ್ರಿ ಸರ್, ಮೂಡಲಗಿ ರೋಡಿಗೆ ಹೋಗಿ ನೋಡ್ರಿ," ಅಂದ ಗ್ಯಾರೇಜಿನ ಮಿಸ್ತ್ರಿ. ಹೋದೆ. ಖಾಲಿ ರೋಡ್ ಸಿಕ್ತು, ಆಕ್ಸಿಲರೇಟರ್ ಪೂರಾ ತಿರುವಿದೆ. ಮುಂದ ನೋಡಿದ್ರ ರೋಡ್ ತುಂಬ ಹುಳ್ಳಿ ಬಳ್ಳಿ ಹರವ್ಯಾರ, ಗಾಡಿ ಹಾದು ಕಾಳ ಉದರ್ಲಿ ಅಂತ. ಗಕ್ಕನ ಬ್ರೇಕ್ ಹಿಡಿದೆ. ಹಿಂದಿನ ಗಾಲಿ ಜಾರಿ ಬೈಕ್ ಅಡ್ಡ ನಿಂತಿತು.

ಬಾಜೂ ಕಸಬರಿಗಿ ಹಿಡದು ನಿಂತಿದ್ದ ಒಬ್ಬ ಮುದುಕಿ ಆಯಿಗೆ ಒದರಿದೆ: "ಇದೇನ್ ರೋಡೋ, ನಿಮ್ಮ ಕಣಾನೋ? ಬಿದ್ದಿದ್ರ ಏನ್ ಗತಿ?"

ಆಕಿ ನನ್ನ ಮಾರಿ ನೋಡಲೇ ಇಲ್ಲ, ಟೈರ್ ನೋಡಿದ್ಲು.

"ಬೀಳಲಿಲ್ಲಲ್ಲ ತಮ್ಮಾ. ಗಾಲಿ ಚಲೋ ಅಗಲ ಅದಾವ. ಮುಂಜಾನಿಂದ ಬರೇ ಸ್ಕೂಟಿ ಹಾಯಾಕತ್ತಾವ, ಒಂದ್ ಕಾಳೂ ಉದರವಲ್ದು. ಆ ಕಡಿಂದ ಈ ಕಡಿ ಸಾವಕಾಶ ಅಡ್ಡಾಡು. ಜೋರ ಹೋಗಬ್ಯಾಡ, ಕಾಳ ಸಿಡೀತಾವ."

ಯಾಕೋ ಗೊತ್ತಿಲ್ಲ, ಅಡ್ಡಾಡಿದೆ. ಫಸ್ಟ್ ಗೇರಿನಾಗ, ಎರಡೂ ಕಾಲ ನೆಲಕ್ಕ ಊರಿ, ಆಯಿ ಸಾಕು ಅನ್ನೋತನ. ಹೊಸಾ ಸೈಲೆನ್ಸರಿಗೆ ಹೊಟ್ಟ ಅಂಟಿ ಸುಟ್ಟ ವಾಸನಿ ಬ್ಯಾರೆ.

ಹೊರಡೂ ಮುಂದ ಸುಮ್ಮನಿರಲಾರದ ಕೇಳಿದೆ: "ಹೆಂಗೈತಿ ಆಯಿ ನನ್ನ ಗಾಡಿ?"

"ಎತ್ತಿಗಿಂತ ಚಲೋ ಐತಪಾ," ಅಂದ್ಲು. "ಸಪ್ಪಳ ಭಾಳ ಮಾಡ್ತೈತಿ ಖರೆ, ರಾಶಿ ಮ್ಯಾಲ ಸೆಗಣಿ ಹಾಕೂದಿಲ್ಲ."