ಹೂಳಬೇಕಿದ್ದ ಪುಸ್ತಕಗಳು

ಕಳೆದ ಸೋಮವಾರ, ಬೆಳಿಗ್ಗೆ ಎಂಟು ಗಂಟೆ. ಇಂಗ್ಲಿಷ್ ಊರಾದ ಕಿಂಗ್ಸ್‌ಬರಿಯಲ್ಲಿ, ನಮ್ಮ ಪಕ್ಕದ ಮನೆಯಲ್ಲಿ ನಾನು, ನನ್ನ ಹೆಂಡತಿ ಮತ್ತು ತೀರಿಕೊಂಡ ಯಹೂದಿ ಮೇಷ್ಟರ ಮಗಳು ಇದ್ದೆವು. ಮನೆ ಖಾಲಿ ಮಾಡಲು ಅವಳಿಗೆ ನೆರವಾಗುತ್ತಿದ್ದೆವು.

ಮೇಷ್ಟರು ಆ ಮನೆಯಲ್ಲೇ ಮಕ್ಕಳಿಗೆ ಹೀಬ್ರೂ ಕಲಿಸುತ್ತಿದ್ದರು. ಮಗು ತಡವರಿಸಿದರೆ, "ನಿಧಾನ, ಅಕ್ಷರ ಎಲ್ಲಿಗೂ ಓಡಿಹೋಗುವುದಿಲ್ಲ" ಎನ್ನುವುದು ಗೋಡೆಯಾಚೆ ನಮಗೂ ಕೇಳಿಸುತ್ತಿತ್ತು. ಪುಸ್ತಕ ಕೈಜಾರಿ ಬಿದ್ದರೆ, ನಾವು ಕಣ್ಣಿಗೊತ್ತಿಕೊಳ್ಳುವಂತೆ, ಅವರು ಎತ್ತಿ ಮುತ್ತಿಡುತ್ತಿದ್ದರು.

"ಡಾಕ್ಟರ್, ಮೆಟ್ಟಿಲ ಕೆಳಗಿದ್ದ ಹರಿದ ಪುಸ್ತಕಗಳೆಲ್ಲಿ?" ಮಗಳು ಕೇಳಿದಳು.

"ನಿನ್ನೆಯೇ ರೀಸೈಕ್ಲಿಂಗ್ ಬಿನ್ನಿಗೆ ಹಾಕಿದೆ. ಈಗಷ್ಟೇ ಕೌನ್ಸಿಲ್ಲಿನ ಕಸದ ಲಾರಿ ಒಯ್ದಿತು," ಎಂದೆ, ಕೆಲಸ ಮುಗಿಸಿದ ಹೆಮ್ಮೆಯಿಂದ.

ಅವಳು ಮೆಟ್ಟಿಲ ಮೇಲೆ ಕೂತು ವಿವರಿಸಿದಳು. ದೇವರ ಹೆಸರಿರುವ ಹಾಳೆಗಳನ್ನು ಯಹೂದಿಗಳು ಎಸೆಯುವುದಿಲ್ಲ, ಸ್ಮಶಾನದಲ್ಲಿ ಹೂಳುತ್ತಾರಂತೆ. ಶಿಷ್ಯರ ಕೈಯಲ್ಲಿ ಸವೆದ ಆ ಪುಸ್ತಕಗಳನ್ನು ತಮ್ಮ ಪಕ್ಕದಲ್ಲೇ ಹೂಳಬೇಕೆಂಬುದು ಮೇಷ್ಟರು ಹೇಳಿಕೊಂಡಿದ್ದ ಒಂದೇ ಆಸೆ.

"ಒಂದು ಮಾತು ಕೇಳೋಕೆ ಏನಾಗಿತ್ರೀ ನಿಮ್ಗೆ? ನಿಮ್ಮ ಆಸ್ಪತ್ರೆ ಶಿಸ್ತು ಇಲ್ಲೂ ಬೇಕಿತ್ತಾ?" ಹೆಂಡತಿ ಕನ್ನಡದಲ್ಲಿ ಗದರಿದಳು.

ಹೊರಗೆ ಹೋಗಿ ಬಿನ್ ಬಗ್ಗಿಸಿ ನೋಡಿದೆ. ತಳದಲ್ಲಿ ಒಂದು ಹಾಳೆ ಮಾತ್ರ ಅಂಟಿಕೊಂಡಿತ್ತು. ಸಾಲುಗಳ ಕೆಳಗೆ ಯಾವುದೋ ಮಗು ಪೆನ್ಸಿಲ್ಲಿನಿಂದ ಗೀಟು ಎಳೆದಿತ್ತು. ಮಗಳು ಅದನ್ನು ಶಾಲಿನ ಅಂಚಿನಿಂದ ಒರೆಸಿ ಮುತ್ತಿಟ್ಟಳು.

ಮಧ್ಯಾಹ್ನ ಸ್ಮಶಾನದಲ್ಲಿ, ಎಷ್ಟು ಆಳ ಬೇಕೆಂದು ಅವಳನ್ನು ಕೇಳಿ, ಮೇಷ್ಟರ ಪಕ್ಕದಲ್ಲಿ ಅಷ್ಟೇ ತೋಡಿದೆ. ಅವಳು ಹಾಳೆಯನ್ನಿಟ್ಟಳು. ಒಂದು ಹಾಳೆಗೆ ಹೆಚ್ಚು ಮಣ್ಣು ಬೇಕಾಗಲಿಲ್ಲ.